ಇಂದಿನ ಧಮ್ಮ ಚಿಂತನೆ: ಸುಟ್ಟ ಬದನೆಕಾಯಿ ಮತ್ತು ಒಲೆಯ ಬೆಂಕಿ





ನಿನ್ನೆ ವರದಾಮೂಲದ ಕಡೆಯಿಂದ ಸಾಗರಕ್ಕೆ ತರಕಾರಿ ತರುವ ಅಜ್ಜಿಯೊಬ್ಬರ ಬುಟ್ಟಿಯಲ್ಲಿ ಒಳ್ಳೆಯ ಹಸಿರು ಬದನೆಕಾಯಿ ಸಿಕ್ಕಿತು. ರಾತ್ರಿ ಗಂಜಿಗೆಂದು ಅದನ್ನು ಸುಟ್ಟು ಗೊಜ್ಜು ಮಾಡಿದೆ. ನಮ್ಮಲ್ಲಿ ಹಿರಿಯರಿಗೆಲ್ಲ ಗೊತ್ತಿರುವ ಅಡುಗೆ. ಆದರೂ ಈಗಿನ ಮಕ್ಕಳಿಗಾಗಿ ಮೊದಲು ಅದನ್ನೇ ಬರೆಯುತ್ತೇನೆ. ಅದನ್ನು ಸುಡುವಾಗ ನೆನಪಾದ ಮಾತಿಗೆ ಆಮೇಲೆ ಬರುತ್ತೇನೆ.

*ಮಾಡುವ ಬಗೆ*

ನಾಲ್ಕು ಜನರಿಗೆ ಅರ್ಧ ಕೆಜಿ, ಅಂದರೆ 2 ದೊಡ್ಡ ಬದನೆಕಾಯಿ ಸಾಕು. ತೊಟ್ಟು ತೆಗೆಯಬೇಡಿ. ಬುಡದಿಂದ ಅರ್ಧದವರೆಗೆ ಸೀಳಿ ಒಳಗೆ ಹುಳು ಇದೆಯೇ ನೋಡಿ. ಸೀಳಿದ್ದರೆ ಹಬೆ ಹೊರಗೆ ಹೋಗುತ್ತದೆ, ಕಾಯಿ ಸಿಡಿಯುವುದಿಲ್ಲ. ಮೇಲೆ ಒಂದಿಷ್ಟು ಕೊಬ್ಬರಿ ಎಣ್ಣೆ ಸವರಿ.

ಒಲೆ ಇರುವವರು ಜೋರು ಉರಿಯಲ್ಲಿ ಇಡಬೇಡಿ. ಸಿಪ್ಪೆ ಕರಕಲಾಗುತ್ತದೆ, ಒಳಗೆ ಹಸಿಯೇ ಉಳಿಯುತ್ತದೆ. ಉರಿ ಆರಿ ಕೆಂಡವಾದ ಮೇಲೆ ಇಟ್ಟು, ನಾಲ್ಕೈದು ಸಲ ತಿರುಗಿಸುತ್ತಾ 20 ನಿಮಿಷ ಸುಡಿ. ಗ್ಯಾಸ್ ಒಲೆಯವರಿಗೆ ಸಣ್ಣ ಉರಿಯಲ್ಲಿ 12ರಿಂದ 15 ನಿಮಿಷ ಸಾಕು. ತೊಟ್ಟಿನ ಹತ್ತಿರ ಒತ್ತಿದರೆ ಮೆತ್ತಗಾಗಿರಬೇಕು. ಜೊತೆಗೆ 3 ಹಸಿಮೆಣಸು, 4 ಎಸಳು ಬೆಳ್ಳುಳ್ಳಿಯನ್ನೂ ಸುಟ್ಟುಕೊಳ್ಳಿ.

ಬೆಂದ ಕಾಯಿಯ ಮೇಲೆ ಪಾತ್ರೆ ಕವುಚಿ 5 ನಿಮಿಷ ಬಿಟ್ಟರೆ ಸಿಪ್ಪೆ ಸುಲಭವಾಗಿ ಬಿಡುತ್ತದೆ. ನೀರಿನಲ್ಲಿ ತೊಳೆಯಬೇಡಿ, ಸುಟ್ಟ ಘಮ ಹೋಗುತ್ತದೆ. ಕೈ ಒದ್ದೆ ಮಾಡಿಕೊಂಡು ಸುಲಿಯಿರಿ. ಮೆಣಸು, ಬೆಳ್ಳುಳ್ಳಿ, ಉಪ್ಪು ಜಜ್ಜಿ, ಬದನೆಕಾಯಿ ಸೇರಿಸಿ ಹಿಸುಕಿ, ಸ್ವಲ್ಪ ಹುಣಸೆ ರಸ, ಸಣ್ಣಗೆ ಹೆಚ್ಚಿದ ಹಸಿ ಈರುಳ್ಳಿ ಹಾಕಿ. ಬೇಕಿದ್ದರೆ ಸಾಸಿವೆ, ಕರಿಬೇವಿನ ಒಗ್ಗರಣೆ. ಗಂಜಿಗೂ ಆಗುತ್ತದೆ, ಅಕ್ಕಿ ರೊಟ್ಟಿಗೂ ಆಗುತ್ತದೆ.

*ಅವ್ವನ ಪ್ರಶ್ನೆ*

ಅಡಿಕೆ ಕೊಯ್ಲಿನ ಕಾಲದಲ್ಲಿ ನಮ್ಮವ್ವ ರಾತ್ರಿ ಹೊತ್ತು ಒಂದು ಮನೆಗೆ ಅಡಿಕೆ ಸುಲಿಯಲು ಹೋಗುತ್ತಿದ್ದಳು. ಅಂಗಳದಲ್ಲಿ ಮೆಟ್ಟುಗತ್ತಿಯ ಮುಂದೆ ಕೂತರೆ ಏಳುವುದು ನಡುರಾತ್ರಿಗೆ. ಸುಲಿದ ಅಡಿಕೆ ಪಕ್ಕದ ದೊಡ್ಡ ಒಲೆಯ ಹಂಡೆಯಲ್ಲಿ ಬೇಯುತ್ತಿತ್ತು. ಒಂದು ರಾತ್ರಿ ಹಸಿವು ತಡೆಯದೆ, ಮಡಿಲಲ್ಲಿ ಕಟ್ಟಿಕೊಂಡು ಹೋಗಿದ್ದ ಬದನೆಕಾಯಿಯನ್ನು ಆ ಒಲೆಯ ಕೆಂಡದ ಅಂಚಿಗೆ ಇಟ್ಟಳು. ಮನೆಯವರು ಕಂಡರು. ಕೋಲಿನಿಂದ ಅದನ್ನು ಹೊರಗೆ ತಳ್ಳಿ, ಒಲೆಗೆ ನೀರು ಚಿಮುಕಿಸಿ, "ನಿಮ್ಮದನ್ನೆಲ್ಲ ಇಲ್ಲಿ ಇಡಬೇಡಿ" ಅಂದರಂತೆ.

ಇದನ್ನು ಹೇಳಿದಾಗಲೆಲ್ಲ ಅವ್ವ ಒಂದು ಪ್ರಶ್ನೆ ಕೇಳುತ್ತಿದ್ದಳು: "ಹಂಡೆಯೊಳಗಿನ ಅಡಿಕೆಯನ್ನೂ ಮುಟ್ಟಿದ್ದು ಇದೇ ಕೈ. ಅದಕ್ಕಿಲ್ಲದ ಮೈಲಿಗೆ ಬದನೆಕಾಯಿಗೆ ಎಲ್ಲಿಂದ ಬಂತು?"

ಅಡಿಕೆ ಮಂಡಿಗೆ ಹೋಗಿ ಹಣವಾಗುತ್ತದೆ. ಬದನೆಕಾಯಿ ಅವ್ವನ ಹೊಟ್ಟೆಗೆ ಹೋಗುತ್ತದೆ. ನಮ್ಮ ದುಡಿಮೆ ಬೇಕು, ನಮ್ಮ ಊಟ ಬೇಡ. ಉತ್ತರ ಇಷ್ಟೇ.

*ಅಸ್ಸಲಾಯನನಿಗೆ ಕೇಳಿದ ಪ್ರಶ್ನೆ*

ಮಜ್ಝಿಮ ನಿಕಾಯದ 93ನೆಯದು ಅಸ್ಸಲಾಯನ ಸುತ್ತ. ಶ್ರಾವಸ್ತಿಯಲ್ಲಿ ಸೇರಿದ್ದ 500 ಬ್ರಾಹ್ಮಣರು, ವೇದ ಓದಿದ 16 ವರ್ಷದ ಅಸ್ಸಲಾಯನನನ್ನು ಬುದ್ಧರೊಡನೆ ವಾದಕ್ಕೆ ಕಳಿಸುತ್ತಾರೆ. ಬ್ರಾಹ್ಮಣರೇ ಶ್ರೇಷ್ಠರು ಎಂಬುದು ಅವನು ಹೊತ್ತು ತಂದ ವಾದ. ಬುದ್ಧರು ಅವನನ್ನು ಬೈಯಲಿಲ್ಲ. ಒಂದರ ಮೇಲೊಂದು ಪ್ರಶ್ನೆ ಕೇಳಿದರು. ಅದರಲ್ಲಿ ಒಂದು ಬೆಂಕಿಯದು.

ಮೇಲಿನ ಕುಲದವರೆನಿಸಿಕೊಂಡವರು ಶ್ರೀಗಂಧದಂಥ ಕಟ್ಟಿಗೆ ಉಜ್ಜಿ ಬೆಂಕಿ ಮಾಡುತ್ತಾರೆ. ಚಂಡಾಲರೆನಿಸಿಕೊಂಡವರು ನಾಯಿಗೆ ಅನ್ನ ಹಾಕುವ ಮರದ ದೋಣಿಯ ತುಂಡನ್ನೋ ಹರಳು ಗಿಡದ ಕಟ್ಟಿಗೆಯನ್ನೋ ಉಜ್ಜಿ ಬೆಂಕಿ ಮಾಡುತ್ತಾರೆ. ಮೊದಲಿನದಕ್ಕೆ ಮಾತ್ರ ಜ್ವಾಲೆ, ಬಣ್ಣ, ಬೆಳಕು ಇದ್ದು, ಎರಡನೆಯದಕ್ಕೆ ಇರುವುದಿಲ್ಲವೇ? ಬೆಂಕಿಯಿಂದ ಆಗಬೇಕಾದ ಕೆಲಸ ಅದರಿಂದ ಆಗುವುದಿಲ್ಲವೇ? ಎರಡೂ ಬೆಂಕಿಯೇ, ಎರಡರಿಂದಲೂ ಕೆಲಸ ಆಗುತ್ತದೆ ಎಂದು ಅಸ್ಸಲಾಯನ ಒಪ್ಪಬೇಕಾಯಿತು. ಕೊನೆಗೆ ಅವನು ಬುದ್ಧರಿಗೆ ಶರಣು ಬಂದು ಉಪಾಸಕನಾದ.

ಅವ್ವ ಯಾವ ಸುತ್ತವನ್ನೂ ಓದಿದವಳಲ್ಲ. ಆದರೆ ಆ ಒಲೆಯ ಮುಂದೆ ಅವಳು ಕೇಳಿದ್ದು ಇದೇ ಪ್ರಶ್ನೆ.

*ನನ್ನ ತಪ್ಪು*

ಇಲ್ಲಿಗೆ ನಿಲ್ಲಿಸಿದರೆ ತಪ್ಪೆಲ್ಲ ಆ ಮನೆಯವರದೇ ಆಗಿ ನನಗೆ ನೆಮ್ಮದಿ. ಆದರೆ ನಾನೂ ಒಂದು ಮಾತು ಒಪ್ಪಿಕೊಳ್ಳಬೇಕು.

ದೀಕ್ಷೆ ತೆಗೆದುಕೊಂಡ ಕೆಲವು ವರ್ಷಗಳ ಮೇಲೆ, ತೀರ್ಥಹಳ್ಳಿ ಕಡೆಯ ಒಂದು ಮನೆಯಲ್ಲಿ ಬುದ್ಧ ವಂದನೆಗೆ ಕರೆದಿದ್ದರು. ನಮ್ಮ ಕೇರಿಯವರು ಹಿಂದಿನಿಂದಲೂ "ನಮಗಿಂತ ಕೆಳಗಿನವರು" ಎನ್ನುತ್ತಿದ್ದ ಮನೆ ಅದು. ವಂದನೆ ಮುಗಿಯಿತು. ಆ ಮನೆಯ ಅಕ್ಕ ಅಕ್ಕಿ ರೊಟ್ಟಿ, ಸುಟ್ಟ ಬದನೆಕಾಯಿ ಗೊಜ್ಜು ಬಡಿಸಿ ತಂದರು. ನಾನು "ಹೊಟ್ಟೆ ಸರಿಯಿಲ್ಲ ಅಕ್ಕ" ಅಂದೆ. ಅವರು ಏನೂ ಅನ್ನದೆ ತಟ್ಟೆಯನ್ನು ಒಳಗೆ ಒಯ್ದರು.

ಬಸ್ಸಿನಲ್ಲಿ ಬರುವಾಗ ಅವ್ವನ ಕತೆ ನೆನಪಾಯಿತು. ಈ ಸಲ ಕೋಲು ಇದ್ದದ್ದು ನನ್ನ ಕೈಯಲ್ಲಿ. ಅದೇ ಬಾಯಲ್ಲಿ ಸ್ವಲ್ಪ ಹೊತ್ತಿನ ಮುಂಚೆ ಪಂಚಶೀಲ ಹೇಳಿದ್ದೆ. ಸುಳ್ಳು ಹೇಳಿ ನಾಲ್ಕನೆಯ ಶೀಲವನ್ನೂ ಮುರಿದಿದ್ದೆ.

ಬಾಬಾಸಾಹೇಬರು ಜಾತಿಯನ್ನು ಶ್ರೇಣೀಕೃತ ಅಸಮಾನತೆ ಎಂದು ಕರೆದದ್ದು ಇದಕ್ಕೇ. ಮೇಲಿನವರಿಂದ ಒದೆ ತಿಂದವನಿಗೂ ಒದೆಯಲು ಕೆಳಗೆ ಒಬ್ಬನನ್ನು ಅದು ಕೊಟ್ಟಿರುತ್ತದೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಕೊಟ್ಟ 22 ಪ್ರತಿಜ್ಞೆಗಳಲ್ಲಿ, ಮನುಷ್ಯರೆಲ್ಲ ಸಮಾನರೆಂದು ನಂಬುವುದು 9ನೆಯದು. ಅಷ್ಟಕ್ಕೇ ಬಿಡದೆ, ಸಮಾನತೆಯನ್ನು ತರಲು ಶ್ರಮಿಸುವುದನ್ನು 10ನೆಯದಾಗಿ ಇಟ್ಟರು. ನಾನು 9ರಲ್ಲೇ ನಿಂತಿದ್ದೆ.

ಭಿಕ್ಖುಗಳ ಪಿಂಡಪಾತಕ್ಕೂ ಒಂದು ಕ್ರಮವಿದೆ, ಸಪದಾನ ಎನ್ನುತ್ತಾರೆ. ಯಾವ ಮನೆಯನ್ನೂ ದಾಟಿ ಹೋಗದೆ ಸಾಲಾಗಿ ಭಿಕ್ಷೆಗೆ ನಿಲ್ಲುವುದು. ನಾನು ದಾಟಿ ಹೋಗಿದ್ದೆ.

ಎರಡು ತಿಂಗಳ ನಂತರ ಆ ಮನೆಗೆ ಮತ್ತೆ ಹೋದೆ. "ಅಕ್ಕ, ಅವತ್ತು ನಾನು ಸುಳ್ಳು ಹೇಳಿದೆ" ಅಂದೆ. "ಗೊತ್ತಿತ್ತು ಬಿಡಿ" ಅಂದರು. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವರೇ ಎದ್ದು ಒಲೆ ಹಚ್ಚಿದರು. ಅವತ್ತು ಅಲ್ಲಿ ಉಂಡು ಬಂದೆ.

*ಇಂದಿನ ಅಭ್ಯಾಸ*

1. ನಾವು ಇದುವರೆಗೆ ಊಟ ಮಾಡದೆ ದಾಟಿ ಬಂದ ಮನೆ ಯಾವುದು? ಇಂದು 10 ನಿಮಿಷ ಸುಮ್ಮನೆ ಕೂತು ನೆನಪಿಸಿಕೊಳ್ಳೋಣ. ಕಾರಣ ಏನು ಹೇಳಿದ್ದೆವು, ನಿಜವಾದ ಕಾರಣ ಏನಿತ್ತು?

2. ಈ ತಿಂಗಳೊಳಗೆ ಆ ಮನೆಗೆ ಹೋಗೋಣ. ಕೊಡಲು ಮಾತ್ರ ಹೋಗುವುದು ಸುಲಭ. ಅವರು ಬಡಿಸಿದ್ದನ್ನು ಕೂತು ಉಣ್ಣೋಣ.

3. ಮಕ್ಕಳಿಗೆ ಬದನೆಕಾಯಿ ಸುಡುವುದನ್ನು ಕಲಿಸುವಾಗ ಅಸ್ಸಲಾಯನನ ಕತೆಯನ್ನೂ ಹೇಳೋಣ.

ಎಲ್ಲರ ಮನೆಯ ಒಲೆಯೂ ಉರಿಯಲಿ. ಎಲ್ಲರೂ ಸುಖವಾಗಿರಲಿ.

ಸಾಧು, ಸಾಧು, ಸಾಧು.
ಜೈ ಭೀಮ್.

(ಓದಿದ ಮೇಲೆ ನಿಮ್ಮ ಬಳಗಕ್ಕೂ ಕಳಿಸಿ.)