ಅಧ್ಯಯನ ಪಾಠ: ಸೂಚನಾ ಫಲಕದ ಪಾರದರ್ಶಕ ಹೊದಿಕೆ ಮತ್ತು ಗೀರು ನಿವಾರಣೆಯ ಕ್ರಮ



ಸಾರ್ವಜನಿಕ ಪ್ರಾಧಿಕಾರಗಳು ತಮ್ಮಲ್ಲಿರುವ ಮಾಹಿತಿಯನ್ನು ಯಾರೂ ಕೇಳುವ ಮುನ್ನವೇ ಜನರಿಗೆ ತಿಳಿಸಬೇಕೆಂದು ಮಾಹಿತಿ ಹಕ್ಕು ಅಧಿನಿಯಮ, 2005ರ 4ನೇ ಪ್ರಕರಣವು ವಿಧಿಸುತ್ತದೆ. ತಿಳಿಸುವ ಮಾರ್ಗಗಳನ್ನು ಹೇಳುವಾಗ ಅದು ಮೊದಲು ಹೆಸರಿಸುವುದು ಸೂಚನಾ ಫಲಕವನ್ನೇ. ಗ್ರಾಮ ಸಭೆಯ ದಿನಾಂಕ, ಫಲಾನುಭವಿಗಳ ಪಟ್ಟಿ, ಆಕ್ಷೇಪಣೆಯ ಕೊನೆಯ ದಿನ ಇವೆಲ್ಲವೂ ಅಲ್ಲಿ ಪ್ರಕಟವಾಗುತ್ತವೆ. ಫಲಕದ ಹೊದಿಕೆ ಗೀರುಬಿದ್ದು ಮಬ್ಬಾಗಿದ್ದರೆ ಸೂಚನೆ ಅಂಟಿಸಿದ್ದೂ ಅಂಟಿಸದಂತೆಯೇ. ಕಣ್ಣು ಮಂದವಾದ ಹಿರಿಯರೊಬ್ಬರು ತಮ್ಮ ಹೆಸರು ಪಟ್ಟಿಯಲ್ಲಿ ಬಿಟ್ಟುಹೋದುದನ್ನು ಅರಿಯುವಷ್ಟರಲ್ಲಿ ಆಕ್ಷೇಪಣೆಯ ಅವಧಿ ಮುಗಿದಿರಬಹುದು.

ಇಂತಹ ಹೊದಿಕೆಯನ್ನು ಬಹುತೇಕ ಸಂದರ್ಭಗಳಲ್ಲಿ ಬದಲಿಸಬೇಕಾಗಿಲ್ಲ. ಅಲ್ಪ ವೆಚ್ಚದಲ್ಲಿ, ಒಂದು ಪೂರ್ವಾಹ್ನದ ಕೈಕೆಲಸದಿಂದ ಅದನ್ನು ಮತ್ತೆ ತಿಳಿಯಾಗಿಸಬಹುದು. 2020ರ ನಂತರ ಕಚೇರಿಗಳ ಮೇಜಿನ ಮುಂದೆ ಅಳವಡಿಸಿದ ಪಾರದರ್ಶಕ ತಡೆಗಳಿಗೂ ಈ ಕ್ರಮವು ಅನ್ವಯಿಸುತ್ತದೆ.

ಗೀರು ಬೀಳುವ ಕಾರಣಗಳು

ನಾಪೋಕ್ಲುವಿನಂತಹ ಮಳೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗಿನ ಫಲಕದ ಮೇಲೆ ಕೆಸರು ಸಿಡಿಯುತ್ತದೆ, ಪಾಚಿ ಹಿಡಿಯುತ್ತದೆ. ಮಣ್ಣಿನಲ್ಲಿರುವ ಮರಳಿನ ಕಣವು ಪ್ಲಾಸ್ಟಿಕ್‌ಗಿಂತ ಬಹಳ ಗಟ್ಟಿ. ಒಣಗಿದ ಕೆಸರನ್ನು ಬಟ್ಟೆಯಿಂದ ಉಜ್ಜಿದಾಗ ಆ ಕಣಗಳೇ ಗೀರು ಎಳೆಯುತ್ತವೆ. ಕಿಟಕಿಯ ಗಾಜನ್ನು ಹಳೆಯ ಪತ್ರಿಕೆಯಿಂದ ಒರೆಸುವ ರೂಢಿಯೂ ಇಲ್ಲಿ ಸಲ್ಲದು. ಹೊದಿಕೆಯ ಹೊರಮೈಗೆ ಟೇಪಿನಿಂದ ನೋಟೀಸು ಅಂಟಿಸಿ, ನಂತರ ಬ್ಲೇಡಿನಿಂದ ಕೆರೆಯುವುದು ಆಳವಾದ ಗೀರುಗಳಿಗೆ ಕಾರಣ.

ಹಾಳೆಯ ಜಾತಿ

ಅಕ್ರಿಲಿಕ್ ಮತ್ತು ಪಾಲಿಕಾರ್ಬೊನೇಟ್ ಎಂಬ ಎರಡು ಬಗೆಯ ಹಾಳೆಗಳು ಬಳಕೆಯಲ್ಲಿವೆ. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇ. 92ರಷ್ಟನ್ನು ಹಾಯಿಸುವ ಅಕ್ರಿಲಿಕ್ ಉಜ್ಜುವಿಕೆಗೆ ಚೆನ್ನಾಗಿ ಒಗ್ಗುತ್ತದೆ. ಪಾಲಿಕಾರ್ಬೊನೇಟ್ ಪೆಟ್ಟಿಗೆ ಸುಲಭವಾಗಿ ಒಡೆಯದಾದರೂ ಅದರ ಮೈ ಮೆದು. ಹೊರಾಂಗಣಕ್ಕೆಂದು ತಯಾರಾದ ಹಾಳೆಗೆ ಬಿಸಿಲನ್ನು ತಡೆಯುವ ತೆಳುಲೇಪವಿರುತ್ತದೆ. ಅದನ್ನು ಉಜ್ಜಿ ತೆಗೆದರೆ ಹಾಳೆ ಹಳದಿಗಟ್ಟುತ್ತದೆ. ಆದ್ದರಿಂದ ಕೆಲಸಕ್ಕೆ ಮೊದಲು ಖರೀದಿಯ ಬಿಲ್ಲಿನಲ್ಲಿ ಹಾಳೆಯ ಹೆಸರನ್ನು ನೋಡಿಕೊಳ್ಳತಕ್ಕದ್ದು. ಪಾಲಿಕಾರ್ಬೊನೇಟ್ ಆಗಿದ್ದರೆ, ಅಥವಾ ಯಾವ ಬಗೆಯೆಂದು ತಿಳಿಯದಿದ್ದರೆ, ಕೆಳಗಿನ 1 ಮತ್ತು 3ನೇ ಹಂತಗಳಿಗೆ ಮಾತ್ರ ಸೀಮಿತವಾಗಿರುವುದು ಕ್ಷೇಮ.

ಕೆಲಸದ ಹಂತಗಳು

1. ಮೊದಲು ಧಾರಾಳವಾಗಿ ನೀರು ಹೊಯ್ದು ಕೆಸರನ್ನು ಇಳಿಸಬೇಕು. ಬಳಿಕ ಸೌಮ್ಯ ಸಾಬೂನಿನ ನೀರು ಮತ್ತು ಮೆತ್ತನೆಯ ಹತ್ತಿಬಟ್ಟೆಯಿಂದ ತೊಳೆಯಬೇಕು. ಟೇಪಿನ ಅಂಟಿಗೆ ಕೊಬ್ಬರಿ ಎಣ್ಣೆ ಸವರಿ, ಮೆದುವಾದ ಮೇಲೆ ಮತ್ತೆ ಸಾಬೂನಿನಿಂದ ತೊಳೆಯಬೇಕು.

2. ಗೀರಿಗೆ ಅಡ್ಡಲಾಗಿ ಉಗುರನ್ನು ಎಳೆದು ನೋಡಬೇಕು. ಉಗುರು ಸಿಕ್ಕಿಕೊಳ್ಳದಿದ್ದರೆ ಗೀರು ಮೇಲ್ಮೈಯದು, ಸಿಕ್ಕಿಕೊಂಡರೆ ಆಳದ್ದು.

3. ಮೇಲ್ಮೈ ಗೀರಿಗೆ ಪ್ಲಾಸ್ಟಿಕ್ ಪಾಲಿಶನ್ನು ಒದ್ದೆ ಬಟ್ಟೆಯಲ್ಲಿ ತೆಗೆದುಕೊಂಡು ಹಗುರವಾಗಿ ಉಜ್ಜಿದರೆ ಸಾಕು. ಮೊದಲು ಒಂದು ಮೂಲೆಯಲ್ಲಿ ಪರೀಕ್ಷಿಸಬೇಕು.

4. ಆಳವಾದ ಗೀರಿಗೆ ನೀರಿನೊಂದಿಗೆ ಬಳಸುವ ಉಪ್ಪು ಕಾಗದ ಬೇಕು. ಅಂಗಡಿಯಲ್ಲಿ ‘ವಾಟರ್ ಪೇಪರ್’ ಎಂದು ಕೇಳಬೇಕು. 800, 1000, 1500, 2000 ನಂಬರಿನ ಕಾಗದಗಳನ್ನು ಇದೇ ಅನುಕ್ರಮದಲ್ಲಿ, ಸದಾ ಒದ್ದೆಯಾಗಿಟ್ಟು ಬಳಸಬೇಕು. ಒಂದು ಕಾಗದದಿಂದ ಉದ್ದಕ್ಕೆ ಉಜ್ಜಿದರೆ ಮುಂದಿನದರಿಂದ ಅಡ್ಡಕ್ಕೆ ಉಜ್ಜಬೇಕು. ಹಿಂದಿನ ಕಾಗದದ ಗೆರೆಗಳು ಮಾಯವಾದ ನಂತರವೇ ಮುಂದಿನದಕ್ಕೆ ಹೋಗಬೇಕು. ಕೊನೆಗೆ ಪಾಲಿಶ್.

ಉಜ್ಜುವಾಗ ಹಾಳೆ ಪೂರ್ತಿ ಬೆಳ್ಳಗೆ ಮಬ್ಬಾಗುವುದನ್ನು ಕಂಡು ಗಾಬರಿಯಾಗಬೇಕಿಲ್ಲ. ಗೀರು ತುಂಬಿಕೊಳ್ಳುವುದಿಲ್ಲ, ಅದರ ಸುತ್ತಲಿನ ಮೈಯನ್ನೇ ಗೀರಿನ ತಳದವರೆಗೆ ಸವೆಸಿ ಸಮ ಮಾಡುತ್ತೇವೆ. ಒರಟು ಮೈ ಬೆಳಕನ್ನು ಚದುರಿಸುವುದರಿಂದ ಮಬ್ಬು ಕಾಣುತ್ತದೆ. ನಯವಾದಂತೆ ಅದು ಹೋಗುತ್ತದೆ. ಗೀರಿದ್ದ ಜಾಗವನ್ನಷ್ಟೇ ಉಜ್ಜಿದರೆ ಅಲ್ಲಿ ಗುಳಿ ಬಿದ್ದು ಅಕ್ಷರಗಳು ಡೊಂಕಾಗಿ ಕಾಣುತ್ತವೆ. ಆದ್ದರಿಂದ ಸುತ್ತ ವಿಶಾಲವಾಗಿ ಉಜ್ಜಬೇಕು. ವಿದ್ಯುತ್ ಯಂತ್ರಕ್ಕಿಂತ ಕೈಯೇ ಲೇಸು; ಅಕ್ರಿಲಿಕ್ ಸುಮಾರು 100 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಮೆತ್ತಗಾಗುತ್ತದೆ.

ವರ್ಜಿಸಬೇಕಾದವು

ಥಿನ್ನರ್, ಸ್ಪಿರಿಟ್, ಪೆಟ್ರೋಲ್, ಉಗುರು ಬಣ್ಣ ತೆಗೆಯುವ ದ್ರವ ಮತ್ತು ಅಮೋನಿಯಾ ಬೆರೆತ ಗಾಜಿನ ಕ್ಲೀನರ್‌ಗಳನ್ನು ಬಳಸಕೂಡದು. ಇವುಗಳಿಂದ ಹಾಳೆಯೊಳಗೆ ಜೇಡರ ಬಲೆಯಂತಹ ಸೂಕ್ಷ್ಮ ಬಿರುಕುಗಳು ಮೂಡುತ್ತವೆ, ಅವುಗಳಿಗೆ ಪಾಲಿಶ್ ಪರಿಹಾರವಲ್ಲ. ಬಿರುಕು ಬಿಟ್ಟ ಹಾಳೆಯನ್ನು ಬದಲಿಸಲೇಬೇಕು. ಹೆಲ್ಮೆಟ್ಟಿನ ಮುಂಗವಚ ಗೀರುಬಿದ್ದಿದ್ದರೆ ಉಜ್ಜದೆ ಹೊಸದನ್ನು ಹಾಕಿಸುವುದು ಜೀವಕ್ಕೆ ಹಿತ. ವಿದ್ಯುತ್ ಮೀಟರಿನ ಮೊಹರಾದ ಹೊದಿಕೆಯನ್ನು ಮುಟ್ಟಬಾರದು. ಅದು ವಿದ್ಯುತ್ ಸರಬರಾಜು ನಿಗಮಕ್ಕೆ ಸೇರಿದ ಕೆಲಸ.

ಸದಸ್ಯರ ಹೊಣೆ

ಕೈಲ್ ಪೊಳ್ದ್ ಹಬ್ಬದಲ್ಲಿ ಆಯುಧಗಳನ್ನು ಶುಚಿಗೊಳಿಸಿ ಪೂಜಿಸುವ ನಾಡು ನಮ್ಮದು. ಮಳೆ ತಗ್ಗಿದ ಅದೇ ಕಾಲಮಾನದಲ್ಲಿ ಫಲಕಗಳನ್ನೂ ವರ್ಷಕ್ಕೊಮ್ಮೆ ಶುಚಿಗೊಳಿಸುವ ಪದ್ಧತಿಯನ್ನು ಇರಿಸಿಕೊಳ್ಳಬಹುದು. ಹಾಳೆಯ ಬಗೆ ಮತ್ತು ಖರೀದಿಯ ದಿನಾಂಕವನ್ನು ದಾಸ್ತಾನು ವಹಿಯಲ್ಲಿ ನಮೂದಿಸತಕ್ಕದ್ದು. ನೋಟೀಸನ್ನು ಹೊದಿಕೆಯ ಒಳಗೇ ಇರಿಸುವಂತೆ ಸಿಬ್ಬಂದಿಗೆ ತಿಳಿಸತಕ್ಕದ್ದು.

ಮುಂದಿನ ಸಾಮಾನ್ಯ ಸಭೆಯಲ್ಲಿ ಚರ್ಚಿಸಲು:

1. ನಮ್ಮ ಪಂಚಾಯಿತಿಯ ಫಲಕದ ಬರಹವನ್ನು ಎರಡು ಹೆಜ್ಜೆ ದೂರದಿಂದ ಓದಲು ಸಾಧ್ಯವೇ?

2. ಶಾಲೆ, ಅಂಗನವಾಡಿ ಹಾಗೂ ಗ್ರಂಥಾಲಯದ ಫಲಕಗಳ ಸ್ಥಿತಿ ಹೇಗಿದೆ?

3. ಈ ಕೆಲಸವನ್ನು ಯಾರು, ಯಾವ ದಿನದೊಳಗೆ ಮಾಡತಕ್ಕದ್ದು?