ಚಹಾಪುಡಿ ಬದಲಿಸುವ ಮೊದಲು ನೀರು ಬದಲಿಸಿ ನೋಡಿ

ಹೋದ ವರ್ಷ ತೊಗರಿ ಕೊಯ್ಲಿನ ಹೊತ್ತಿಗೆ ನಮ್ಮ ಹೊಲದಲ್ಲಿ ಚಹಾದ ತಕರಾರು ಶುರುವಾಯಿತು. ನಾಲವಾರ ಕಡೆ ಕೂಲಿ ಎಷ್ಟೇ ಕೊಡಲಿ, ದಿನಕ್ಕೆ ಎರಡು ಸಲ ಹೊಲಕ್ಕೆ ಚಹಾ ಹೋಗಲೇಬೇಕು. ಕೊಯ್ಲಿಗೆ ಮಷೀನು ಬಂದಿದೆ ನಿಜ, ಆದರೆ ಫರಸಿ ಕಲ್ಲು ಎದ್ದ ನಮ್ಮ ಹೊಲಕ್ಕೆ ಅದು ಇಳಿಯುವುದಿಲ್ಲ. ಆಳುಗಳನ್ನೇ ನೆಚ್ಚಬೇಕು. ಹದಿನಾಲ್ಕು ಹೆಣ್ಣಾಳು, ಐದು ಗಂಡಾಳು. ಮೂರು ದಿನ ಕೆಟಲಿಯಲ್ಲಿ ಅರ್ಧ ಚಹಾ ಹಾಗೇ ವಾಪಸು ಬಂತು. ಇಪ್ಪತ್ತು ವರ್ಷದಿಂದ ನಮ್ಮಲ್ಲಿ ಕೆಲಸಕ್ಕೆ ಬರುವ ಹಿರಿಯಾಕೆ ಕೊನೆಗೆ ಬಾಯಿಬಿಟ್ಟಳು: “ತಮ್ಮಾ, ಸಿಟ್ಟಾಗಬ್ಯಾಡ. ಇದು ಚಾ ಅಲ್ಲ, ಫರಸಿ ತೊಳದ ನೀರು ಆಗ್ಯದ.” ಮರುದಿನ ನಾಲ್ಕು ಮಂದಿ ಬರಲಿಲ್ಲ. ಬಾಜು ಹೊಲಕ್ಕೆ ಹೋಗಿದ್ದರು.

ಕಾಯಿ ಒಣಗಿ ಸಿಡಿಯುವ ಹೊತ್ತಿನಲ್ಲಿ ನಾಲ್ಕು ಆಳು ಕಡಿಮೆಯಾದರೆ ಏನಾಗುತ್ತದೆ ಎಂದು ತೊಗರಿ ಬೆಳೆಯುವವರಿಗೆ ಹೇಳಬೇಕಿಲ್ಲ. ನನಗೆ ತಲೆ ಕೆಟ್ಟಿತು. ಚಹಾಪುಡಿ ತಂದ ಅಂಗಡಿಗೆ ಹೋಗಿ ನಾಲ್ಕು ಗಿರಾಕಿಗಳ ಮುಂದೆಯೇ “ಕಲಬೆರಕೆ ಮಾಲು ಕೊಟ್ಟೀರಿ” ಎಂದುಬಿಟ್ಟೆ. ಅಂಗಡಿಯವರು ವಯಸ್ಸಾದವರು. ವಾದ ಮಾಡಲಿಲ್ಲ. “ಇದೇ ಮಾಲು ಹೋಟೆಲಿಗೂ ಹೋಗ್ತದ್ರಿ, ಅವರ ಹೆಸರು ಕೆಟ್ಟಿಲ್ಲ” ಎಂದಷ್ಟೇ ಹೇಳಿ ಅರ್ಧ ಕಿಲೋ ವಾಪಸು ತಗೊಂಡು ರೊಕ್ಕ ಕೊಟ್ಟರು.

ಆದರೆ ಡಬ್ಬಿಯಲ್ಲಿ ಇನ್ನೂ ಒಂದು ಹಿಡಿ ಪುಡಿ ಉಳಿದಿತ್ತು. ಅವರ ಕಲಬೆರಕೆಯನ್ನು ಹಿಡಿದು ತೋರಿಸಬೇಕೆಂದು ಕೂತೆ. ಇದಕ್ಕೆ ಮನೆಯಲ್ಲೇ ಮಾಡುವ ಎರಡು ಪರೀಕ್ಷೆಗಳಿವೆ. ಒಂದು, ಒಣ ಪುಡಿಯನ್ನು ಕಾಗದದ ಮೇಲೆ ಹರವಿ ಅಯಸ್ಕಾಂತ ಆಡಿಸುವುದು. ನಾನು ಹಳೇ ರೇಡಿಯೋದ ಸ್ಪೀಕರಿನ ಅಯಸ್ಕಾಂತ ತಗೊಂಡೆ. ನಾಲ್ಕೈದು ಕರಿ ಚುಕ್ಕೆ ಅಂಟಿದವು. ಸಿಕ್ಕಿತು ಎಂದುಕೊಂಡೆ. ಆಮೇಲೆ ಗೊತ್ತಾಯಿತು, ಎಲೆ ಅರೆಯುವ ಕಬ್ಬಿಣದ ರೋಲರು ಸವೆದು ಒಂದಿಷ್ಟು ಚೂರು ಎಲ್ಲ ಪುಡಿಯಲ್ಲೂ ಬರುತ್ತದೆ, ಕಿಲೋಗೆ 250 ಮಿಲಿಗ್ರಾಂ ತನಕ ಆಹಾರ ಸುರಕ್ಷತಾ ಪ್ರಾಧಿಕಾರವೇ ಬಿಟ್ಟಿದೆ ಎಂದು. ಗೊಂಚಲು ಗೊಂಚಲಾಗಿ ಅಂಟಿದರೆ ಮಾತ್ರ ಅನುಮಾನ ಪಡಬೇಕು. ಎರಡನೆಯದು, ಸೋಸುವ ಕಾಗದದ ಮೇಲೆ ಪುಡಿ ಹರವಿ ನೀರು ಚಿಮುಕಿಸಿ, ಆಮೇಲೆ ಕಾಗದ ತೊಳೆದು ಬೆಳಕಿಗೆ ಹಿಡಿಯುವುದು. ಬಣ್ಣ ಹಾಕಿದ ಪುಡಿಯಾದರೆ ಕೂಡಲೇ ಕಲೆ ಎದ್ದು ಕಾಣುತ್ತದೆ. ನನ್ನ ಕಾಗದದಲ್ಲಿ ಕಲೆ ಏನೂ ಬರಲಿಲ್ಲ.

ಪುಡಿ ಶುದ್ಧ. ಹಾಗಿದ್ದರೆ ಜಾತಿಯೇ ಕೆಳಗಿನದಿರಬೇಕು ಎಂದು ಬೇರೆ ಬೇರೆ ಪುಡಿ ತಂದು ರುಚಿ ನೋಡುವ ತೀರ್ಮಾನ ಮಾಡಿದೆ. ಬೆಂಗಳೂರಿನಲ್ಲಿರುವ ನಮ್ಮ ಅಣ್ಣನ ಮಗ ಇದನ್ನು ಕೇಳಿ ನಕ್ಕ, ಆದರೆ ಪುಡಿಗಳನ್ನು ತಂದುಕೊಟ್ಟ. ನಾಲ್ಕು ತರಹ ಒಟ್ಟಾಯಿತು: ಅಸ್ಸಾಮಿನ ಸಿಟಿಸಿ, ನೀಲಗಿರಿಯ ಸಿಟಿಸಿ, ನೀಲಗಿರಿಯದೇ ಎಲೆ ಚಹಾ, ಮತ್ತು ಒಂದು ಸಣ್ಣ ಡಬ್ಬಿ ಡಾರ್ಜಿಲಿಂಗ್. ನಮ್ಮ ರಾಜ್ಯದಲ್ಲೂ ಚಹಾ ತೋಟ ಇವೆ, ಚಿಕ್ಕಮಗಳೂರಿನ ಕೆಳಗೂರು, ಕೊಡಗಿನ ಗ್ಲೆನ್‌ಲೋರ್ನಾ. ಅಲ್ಲಿನ ಪುಡಿ ನಮ್ಮ ಕಡೆ ಅಂಗಡಿಯಲ್ಲಿ ನಾನು ಕಂಡಿಲ್ಲ.

ಇವೆಲ್ಲ ಒಂದೇ ಗಿಡದ ಎಲೆ. ಕೊಯ್ದ ಎಲೆಯನ್ನು ಬಾಡಿಸಿ, ಜಜ್ಜಿ, ಗಾಳಿಗೆ ಬಿಟ್ಟು ತಾಮ್ರದ ಬಣ್ಣಕ್ಕೆ ತಿರುಗಿಸಿ, ಒಣಗಿಸಿದರೆ ಕಪ್ಪು ಚಹಾ. ಎಲೆಯನ್ನು ಸುರುಳಿ ಮಾತ್ರ ಮಾಡಿದರೆ ಎಲೆ ಚಹಾ, ಇದಕ್ಕೆ ಆರ್ಥೊಡಾಕ್ಸ್ ಎನ್ನುತ್ತಾರೆ. ಹಲ್ಲಿನ ರೋಲರುಗಳ ನಡುವೆ ಹಾಕಿ ಜಜ್ಜಿ, ಹರಿದು, ಕಾಳು ಮಾಡಿದರೆ ಸಿಟಿಸಿ. ಈ ಯಂತ್ರ 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಶುರುವಾದದ್ದು. ಸಿಟಿಸಿ ಬೇಗ ಬಣ್ಣ ಬಿಡುತ್ತದೆ, ಹಾಲು ತಡೆಯುತ್ತದೆ. ನಮ್ಮ ಹೋಟೆಲು, ಮನೆ, ಹೊಲ ಎಲ್ಲ ಕಡೆ ನಡೆಯುವುದು ಇದೇ.

ರುಚಿ ನೋಡುವುದಕ್ಕೂ ಒಂದು ಪದ್ಧತಿ ಇದೆ. ಕೂನೂರು, ಕೊಲ್ಕತ್ತಾಗಳಲ್ಲಿ ಚಹಾ ಹರಾಜಿಗೆ ಹೋಗುವ ಮೊದಲು ಅದಕ್ಕೆಂದೇ ಇರುವ ಜನ ರುಚಿ ನೋಡಿ ಬೆಲೆ ಅಂದಾಜು ಮಾಡುತ್ತಾರೆ. ಅಂತರರಾಷ್ಟ್ರೀಯ ಅಳತೆ ಎಂದರೆ 100 ಮಿಲಿ ಕುದಿಯುವ ನೀರಿಗೆ 2 ಗ್ರಾಂ ಪುಡಿ, 6 ನಿಮಿಷ ಮುಚ್ಚಿಟ್ಟು ಸೋಸುವುದು. ಹಾಲು, ಸಕ್ಕರೆ ಹಾಕಿದರೆ ಐಬು ಮುಚ್ಚಿಹೋಗುತ್ತದೆ, ಆದ್ದರಿಂದ ಬರೀ ಡಿಕಾಕ್ಷನ್. ಸುರ್ ಎಂದು ಗಾಳಿ ಸೇರಿಸಿ ಹೀರಬೇಕು, ಆಗಲೇ ವಾಸನೆ ಮೂಗಿಗೆ ಏರುವುದು. ನಾಲಿಗೆ ಮೇಲೆ ಹೊರಳಿಸಿ ಉಗುಳಿಬಿಡಬೇಕು. ನಮ್ಮ ಮನೆಯಲ್ಲಿ ಯಾರೂ ಉಗುಳಲಿಲ್ಲ. ರೊಕ್ಕ ಕೊಟ್ಟು ತಂದದ್ದನ್ನು ಉಗುಳುವುದೇನು ಎಂದರು.

2 ಗ್ರಾಂ ತೂಗಲು ಪತ್ತಾರರ ತಕ್ಕಡಿ ಇಸಗೊಂಡು ಬಂದೆ. ಸಿಟಿಸಿಯಾದರೆ ಒಂದು ಸಣ್ಣ ಚಮಚ ಮಟ್ಟವಾಗಿ ತುಂಬಿದರೆ ಹತ್ತಿರ ಹತ್ತಿರ ಅಷ್ಟೇ ಬರುತ್ತದೆ. ಎಲೆ ಚಹಾ ಹಗುರ, ಚಮಚದ ಅಳತೆ ಅದಕ್ಕೆ ನಡೆಯುವುದಿಲ್ಲ. ಒಂದೇ ತರಹದ ಸ್ಟೀಲ್ ಲೋಟ, ಬುಡದಲ್ಲಿ ನಂಬರಿನ ಚೀಟಿ. ಯಾವುದು ಯಾವುದೆಂದು ನನ್ನ ಹೆಂಡತಿಗೆ ಮಾತ್ರ ಗೊತ್ತು. ನಾನು, ನಮ್ಮ ಕಾಕಾ, ಆ ಹಿರಿಯಾಕೆ, ಇನ್ನೊಬ್ಬಾಕೆ, ಮತ್ತು ಸ್ಟೇಷನ್ ಹತ್ತಿರ ಚಹಾ ಮಾಡುವ ಗೆಳೆಯ, ಹೀಗೆ ಐದು ಮಂದಿ. ಹತ್ತಕ್ಕೆ ಎಷ್ಟು ಎಂದು ಅಂಕ.

ಫಲಿತಾಂಶ ನೋಡಿ ನನಗೇ ನಾಚಿಕೆಯಾಯಿತು. ಐದನೇ ಲೋಟವಾಗಿ ಹೆಂಡತಿ ಒಂದು ಪುಡಿಯನ್ನೇ ಎರಡನೇ ಸಲ ಇಟ್ಟಿದ್ದಳು. ನಾನು ಒಂದಕ್ಕೆ ಏಳು, ಅದರ ಜೋಡಿಗೆ ನಾಲ್ಕು ಕೊಟ್ಟಿದ್ದೆ. ಅದಕ್ಕಿಂತ ಮುಖ್ಯವಾಗಿ, ಅಸ್ಸಾಮಿಗೂ ನೀಲಗಿರಿಗೂ ಯಾರೂ ಫರಕು ಹೇಳಲಿಲ್ಲ. ಎಲ್ಲವೂ ಮಂಕು ಕಂದು ಬಣ್ಣ, ಮೇಲೆ ಎಣ್ಣೆ ಹರಿದಂತೆ ಕೆನೆ. ಲೋಟದ ಅಂಚಿಗೆ ಅಂಟಿದ ಆ ಕೆನೆ ಬೆರಳಿಂದ ಉಜ್ಜಿದರೂ ಹೋಗದು. ದುಬಾರಿ ಡಾರ್ಜಿಲಿಂಗೂ ಹಾಗೇ.

ಆಗ ಹೆಂಡತಿ ಹೇಳಿದಳು: “ಬ್ಯಾಳಿ ಬೇಯಲಾರದ ನೀರಾಗ ಚಾ ಹ್ಯಾಂಗ ಆಗ್ತದ್ರಿ? ಹೊಸ ಬೋರು ಹಾಕಿದಾಗಿಂದ ನಾ ಬ್ಯಾಳಿಗಿ ಸೋಡಾ ಹಾಕಾಕತ್ತೀನಿ.”

ಇದು ನನಗೆ ಗೊತ್ತೇ ಇರಲಿಲ್ಲ. ತೊಗರಿ ಬೆಳೆಯುವವನ ಮನೆಯಲ್ಲಿ ತೊಗರಿಬೇಳೆ ಬೇಯುತ್ತಿಲ್ಲ, ಉಣ್ಣುವವನಿಗೆ ಸುದ್ದಿಯಿಲ್ಲ. ಮೂರು ವರ್ಷದ ಹಿಂದೆ ಹೊಲದಲ್ಲಿ ಬೋರು ಹಾಕಿಸಿದ ಮೇಲೆ ಮನೆಗೂ ಹೊಲಕ್ಕೂ ಅದೇ ನೀರು. ನಾಲವಾರ, ವಾಡಿ, ಶಹಾಬಾದ್ ಎಲ್ಲ ಸುಣ್ಣಕಲ್ಲಿನ ಸೀಮೆ. ಮನೆಗೆ ಹಾಸುವ ಶಹಾಬಾದ್ ಫರಸಿ ಎಂದರೆ ಸುಣ್ಣಕಲ್ಲೇ. ವಾಡಿಯಲ್ಲಿ ಸಿಮೆಂಟು ಆಗುವುದೂ ಅದರಿಂದಲೇ. ಆ ಕಲ್ಲಿನ ಸಂದಿನಲ್ಲಿ ಇಳಿದ ನೀರು ಸುಣ್ಣದ ಅಂಶ ಕರಗಿಸಿಕೊಂಡು ಗಡಸಾಗಿ ಮೇಲೆ ಬರುತ್ತದೆ.

ಗಡಸೋ ಅಲ್ಲವೋ ಎಂದು ನೋಡಲು ಲ್ಯಾಬು ಬೇಕಿಲ್ಲ. ಎರಡು ಬಾಟಲಿಯಲ್ಲಿ ಎರಡು ನೀರು ಹಾಕಿ, ಬಟ್ಟೆ ಸೋಪಿನ ತುರಿ ಒಂದೇ ಅಳತೆಯಲ್ಲಿ ಹಾಕಿ ಹತ್ತು ಸಲ ಕುಲುಕಿ. ಮೆದು ನೀರಲ್ಲಿ ನೊರೆ ನಿಲ್ಲುತ್ತದೆ. ನಮ್ಮ ಬೋರಿನ ನೀರಿನಲ್ಲಿ ನೊರೆ ಇಲ್ಲ, ಮೊಸರು ಒಡೆದ ಹಾಗೆ ಬಿಳಿ ಹಿಂಡಿ ತೇಲಿತು.

ಮರುದಿನ ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಒಂದು ಕ್ಯಾನು ತಂದು ಅದೇ ನಾಲ್ಕು ಪುಡಿ, ಅದೇ ಐದು ಮಂದಿ. ಈ ಸಲ ಲೋಟ ನೋಡಿದರೇ ಸಾಕಿತ್ತು. ಅಸ್ಸಾಮು ಕೆಂಪಗೆ, ಒಳಗೆ ಬೆಳಕಿಟ್ಟ ಹಾಗೆ. ಬಾಯಿ ತುಂಬುವ ಗಟ್ಟಿ ರುಚಿ, ಹುರಿದ ಜೋಳದ ನೆನಪು ತರುವ ವಾಸನೆ. ನೀಲಗಿರಿ ಸಿಟಿಸಿ ಸ್ವಲ್ಪ ತೆಳು, ಆದರೆ ಪರಿಮಳ ಹೆಚ್ಚು. ಎಲೆ ಚಹಾ ಇನ್ನೂ ಹಗುರ, ಹಾಲಿಲ್ಲದೆ ಕುಡಿಯಲು ಕಾಕಾಗೆ ಬಹಳ ಹಿಡಿಸಿತು. ಡಾರ್ಜಿಲಿಂಗು ಬಂಗಾರದ ಬಣ್ಣ, ಹೂವಿನ ವಾಸನೆ. ನಾನು ಒಂಬತ್ತು ಕೊಟ್ಟೆ. ಹಿರಿಯಾಕೆ ಎರಡು ಕೊಟ್ಟಳು. “ಚಾ ಕುದಿಸಿದ ಗಡಗಿ ಗಲಬರಸಿದಂಗದ” ಎಂದಳು. ಡಾರ್ಜಿಲಿಂಗ್ ಚಹಾ 2004ರಲ್ಲಿ ಭೌಗೋಳಿಕ ಸೂಚಕ ಪಡೆದ ದೇಶದ ಮೊದಲ ಪದಾರ್ಥ. ನಮ್ಮ ಕಲಬುರಗಿ ತೊಗರಿಗೆ ಅದು ಸಿಕ್ಕಿದ್ದು 2019ರಲ್ಲಿ. ಆಕೆಗೆ ಇದನ್ನು ಹೇಳಿದರೆ “ತೊಗರಿಗಿ ಸಿಗಲಿ, ಇದಕ್ಕ ಯಾಕ?” ಎಂದು ಕೇಳಿದಳು.

ಚಹಾದಲ್ಲಿ ಕಹಿ ಬೇರೆ, ಒಗರು ಬೇರೆ ಎಂಬುದು ನನಗೆ ಅವತ್ತು ನಾಲಿಗೆಗೇ ತಿಳಿಯಿತು. ನೇರಳೆ ಹಣ್ಣು ತಿಂದಾಗ ವಸಡು ಬಿಗಿಯುತ್ತದಲ್ಲ, ಅದು ಒಗರು. ಒಳ್ಳೆ ಚಹಾಕ್ಕೆ ಅದು ಬೇಕು, ಅದೇ ಅದರ ಚುರುಕು. ಕಹಿ ಬರುವುದು ಹೆಚ್ಚು ಹೊತ್ತು ಕುದಿಸಿದ್ದರಿಂದ. ಗಡಸು ನೀರಿನಲ್ಲಿ ಒಗರು ಸತ್ತುಹೋಗುತ್ತದೆ, ಅದಕ್ಕೇ ಚಪ್ಪೆ. ಚಪ್ಪೆ ಎಂದು ನಾವು ಪುಡಿ ಹೆಚ್ಚು ಹಾಕಿ ಇನ್ನೂ ಕುದಿಸುತ್ತೇವೆ, ಆಗ ಸಿಗುವುದು ಕಹಿ. ನಾನು ಮೂರು ವರ್ಷ ಮಾಡಿದ್ದು ಇದನ್ನೇ. ಬಣ್ಣ ಕಪ್ಪಾದರೆ ಕಡಕ್ ಎಂಬ ನಂಬಿಕೆಯೂ ಸುಳ್ಳು. ಒಂದು ಚಿಟಿಕೆ ಅಡುಗೆ ಸೋಡಾ ಹಾಕಿದರೆ ಯಾವ ಚಹಾವೂ ಕಪ್ಪಾಗುತ್ತದೆ. ಬೇಳೆಗೆ ಸೋಡಾ ಸಹಾಯ ಮಾಡಬಹುದು, ಚಹಾಕ್ಕೆ ಇಲ್ಲ. ಲಿಂಬೆ ಹಿಂಡಿದರೆ ಇದಕ್ಕೆ ಉಲ್ಟಾ, ಬಣ್ಣ ತಿಳಿಯಾಗಿ ಮೇಲಿನ ಕೆನೆಯೂ ಹೋಗುತ್ತದೆ.

ಈ ಕೆನೆ ಏನೆಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಮೈಕೆಲ್ ಸ್ಪೈರೋ ಮತ್ತು ಡಿಯೋಗ್ರಾಟಿಯಸ್ ಜಗಾನ್ಯಿ ಎಂಬ ವಿಜ್ಞಾನಿಗಳು 1993ರಲ್ಲಿ ಬರೆದಿದ್ದಾರೆಂದು ಅಣ್ಣನ ಮಗ ಓದಿ ಹೇಳಿದ. ನೀರಿನ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟು ಸೇರಿ, ಗಾಳಿ ತಗಲುವ ಮೇಲ್ಮೈಯಲ್ಲಿ ಚಹಾದ ಸತ್ವವನ್ನು ಕೆಡಿಸಿ ಪೊರೆ ಕಟ್ಟುತ್ತವಂತೆ. ಇಂಗ್ಲೆಂಡಿನಲ್ಲೂ ಬಹಳ ಊರುಗಳದು ಗಡಸು ನೀರೇ. ಅಲ್ಲಿ ಗಡಸು ನೀರಿಗೆಂದೇ ಬೆರೆಸಿದ ಪುಡಿ ಮಾರುತ್ತಾರೆ. ರುಚಿ ನೋಡುವ ಆ ಅಂತರರಾಷ್ಟ್ರೀಯ ಪದ್ಧತಿಯಲ್ಲೂ, ಚಹಾ ಎಲ್ಲಿ ಕುಡಿಯುವುದೋ ಅಲ್ಲಿನಂಥ ನೀರಿನಲ್ಲೇ ನೋಡಬೇಕೆಂದಿದೆ. ಬೆಂಗಳೂರಿನವರು ಹೊಗಳಿದ ಪುಡಿ ನಮ್ಮೂರಲ್ಲಿ ಸೋತರೆ ಪುಡಿಯ ತಪ್ಪೇನಿದೆ?

ಎಲ್ಲರಿಗೂ ಘಟಕದ ನೀರು ಸಿಗುವುದಿಲ್ಲ, ನಮ್ಮಲ್ಲೂ ಕರೆಂಟು ಹೋದ ದಿನ ಸಿಗುವುದಿಲ್ಲ. ಆಗ ಮಾಡುವುದು ಹೀಗೆ. ರಾತ್ರಿ ಬೋರಿನ ನೀರನ್ನು ಹತ್ತು ನಿಮಿಷ ಜೋರಾಗಿ ಕುದಿಸಿ ಮುಚ್ಚಿಡುತ್ತೇವೆ. ಸುಣ್ಣದ ಒಂದು ಭಾಗ ಪಾತ್ರೆಯ ಬುಡಕ್ಕೆ ಬಿಳಿಯಾಗಿ ಕೂರುತ್ತದೆ. ಬೆಳಿಗ್ಗೆ ಅಲುಗಿಸದೆ ಮೇಲಿನದನ್ನು ಬಗ್ಗಿಸಿಕೊಳ್ಳಬೇಕು. ಘಟಕದ ನೀರಿನಷ್ಟು ಚಲೋ ಆಗದು, ಆದರೆ ಬೋರಿನಿಂದ ನೇರ ತಂದದ್ದಕ್ಕಿಂತ ಎಷ್ಟೋ ವಾಸಿ. ಮಳೆಗಾಲದಲ್ಲಿ ಮೊದಲ ಮಳೆ ಬಿಟ್ಟು ಆಮೇಲಿನದನ್ನು ಮಾಳಿಗೆಯಿಂದ ಹಿಡಿದು, ಸೋಸಿ ಕುದಿಸಿ ನೋಡಿದೆ, ಅದು ಎಲ್ಲಕ್ಕಿಂತ ಚಲೋ. ಡಿಸೆಂಬರಿನ ತನಕ ಕೂಡಿಡಲು ತೊಟ್ಟಿ ಇಲ್ಲ. ಇನ್ನು ಬರೀ ಘಟಕದ ನೀರಲ್ಲಿ ಚಹಾ ಸ್ವಲ್ಪ ಹರಿತ ಎನಿಸಿತು. ಮೂರು ಪಾಲು ಅದಕ್ಕೆ ಒಂದು ಪಾಲು ಬೋರಿನ ನೀರು ಬೆರೆಸಿದರೆ ಹಾಲಿನ ಚಹಾಕ್ಕೆ ಹದವಾಗಿ ಕೂಡುತ್ತದೆ.

ಪುಡಿಯಲ್ಲಿ ಕೊನೆಗೆ ನಿಂತದ್ದು ಮೂರು ಪಾಲು ಅಸ್ಸಾಂ ಸಿಟಿಸಿ, ಒಂದು ಪಾಲು ನೀಲಗಿರಿ ಸಿಟಿಸಿ. ಒಂದರಿಂದ ಗಟ್ಟಿತನ, ಇನ್ನೊಂದರಿಂದ ವಾಸನೆ. ಬೆರೆಸುವಾಗ ಎರಡರ ಕಾಳೂ ಒಂದೇ ಗಾತ್ರದ್ದಿರಬೇಕು. ಮೊದಲ ಸಲ ಎಲೆ ಚಹಾಕ್ಕೆ ಸಣ್ಣ ಡಸ್ಟ್ ಬೆರೆಸಿ ಕೆಟ್ಟೆ. ಡಬ್ಬಿ ಅಲುಗಿದಂತೆ ಡಸ್ಟ್ ಬುಡಕ್ಕಿಳಿದು ಮೇಲೊಂದು ಚಹಾ, ಕೆಳಗೊಂದು ಚಹಾ ಆಯಿತು. ಕೂರಿಗೆಯಲ್ಲಿ ತೊಗರಿ ಜೊತೆ ಸಜ್ಜೆ ಬೆರೆಸಿದರೆ ಆಗುವ ಹಾಗೆ.

ಲೆಕ್ಕ ಹೇಳುತ್ತೇನೆ. ಹತ್ತೊಂಬತ್ತು ಮಂದಿಗೆ ಮೊದಲು ಒಂದು ಸಲಕ್ಕೆ 60 ಗ್ರಾಂ ಪುಡಿ ಹಾಕುತ್ತಿದ್ದೆವು. ಈಗ 40 ಗ್ರಾಂ ಸಾಕು. ದಿನಕ್ಕೆ ಎರಡು ಸಲ, ಹನ್ನೆರಡು ದಿನದ ಕೊಯ್ಲು. ಉಳಿದದ್ದು 480 ಗ್ರಾಂ. ನೀರು ದಿನಕ್ಕೆ ನಾಲ್ಕು ಲೀಟರು, ಒಂದು ಕ್ಯಾನು ಐದು ದಿನ ಬರುತ್ತದೆ. ಇನ್ನೊಂದು ಬದಲಾವಣೆಯನ್ನೂ ಮಾಡಿದೆವು. ಮೊದಲು ರೊಟ್ಟಿ ಉಂಡ ಕೂಡಲೇ ಚಹಾ ಕೊಡುತ್ತಿದ್ದೆವು. ಊಟದ ಜೊತೆ ಕುಡಿದ ಚಹಾ ಕಾಳು, ಪಲ್ಯೆಯಲ್ಲಿನ ಕಬ್ಬಿಣದ ಅಂಶ ಮೈಗೆ ಹತ್ತಲು ಬಿಡುವುದಿಲ್ಲ. ನಮ್ಮ ಹೆಣ್ಣಾಳುಗಳಲ್ಲಿ ರಕ್ತ ಕಡಿಮೆ ಎಂದು ಆಸ್ಪತ್ರೆಯಲ್ಲಿ ಗುಳಿಗೆ ತಗೊಳ್ಳುವವರು ಇದ್ದಾರೆ. ಈಗ ಉಂಡು ಒಂದು ತಾಸಿನ ಮೇಲೆ ಕೆಟಲಿ ಹೋಗುತ್ತದೆ. ಇದಕ್ಕೆ ಮೊದಮೊದಲು ಗೊಣಗಿದರು, ಈಗ ರೂಢಿಯಾಗಿದೆ.

ಹೋಗಿದ್ದ ನಾಲ್ವರಲ್ಲಿ ಮೂವರು ಆ ವಾರವೇ ತಿರುಗಿ ಬಂದರು. ಆದರೂ ಹೊಲದ ಒಂದು ಮೂಲೆಯಲ್ಲಿ ಕಾಯಿ ಸಿಡಿದು ಹೋದದ್ದು ಹೋಯಿತು.

ಅಂಗಡಿಗೆ ಹೋಗಲು ನನಗೆ ಹದಿನೈದು ದಿನ ಹಿಡಿಯಿತು. ಗಿರಾಕಿಗಳು ಇರುವ ಹೊತ್ತನ್ನೇ ನೋಡಿ ಹೋದೆ. “ಸಾವ್ಕಾರ್ರೆ, ತಪ್ಪು ನಂದು, ನಮ್ಮ ಬೋರಿನ ನೀರು ಗಡಸದ” ಎಂದೆ. ಅವರು ಹ್ಞೂಂ ಎಂದರು, ಏನೂ ಕೇಳಲಿಲ್ಲ. ಅವತ್ತು ವಾಪಸು ತಗೊಂಡಿದ್ದ ಅರ್ಧ ಕಿಲೋ ಪೊಟ್ಟಣ ಗಲ್ಲೆ ಹಿಂದೆ ಹಾಗೇ ಇತ್ತು, ಬೇರೆಯವರಿಗೆ ಮಾರಿರಲಿಲ್ಲ. ಅದನ್ನೇ ಕೇಳಿ ತಗೊಂಡು ಬಂದೆ. ಈಗ ನಮ್ಮ ಮಿಶ್ರಣದಲ್ಲಿ ಮೂರು ಪಾಲು ಹೋಗುವುದು ಅವರ ಅಂಗಡಿಯ ಪುಡಿಯೇ.