ಹಾಯಿದೋಣಿಯಲ್ಲಿ ಬಂದ ಅತಿಥಿಗಳು

1789ನೆಯ ಇಸವಿ ಮೇ ತಿಂಗಳ ಆರಂಭ. 23 ಅಡಿ ಉದ್ದದ ತೆರೆದ ದೋಣಿಯೊಂದು ದಕ್ಷಿಣ ಶಾಂತಸಾಗರದ ಫಿಜಿ ದ್ವೀಪಗಳ ನಡುವೆ ಹಾದುಹೋಗುತ್ತಿತ್ತು. ಅದರಲ್ಲಿದ್ದವರು 18 ಮಂದಿ. ಅವರ ನಾಯಕ ವಿಲಿಯಂ ಬ್ಲೈ. ‘ಬೌಂಟಿ’ ಎಂಬ ಹಡಗಿನಲ್ಲಿ ದಂಗೆಯೆದ್ದವರು ಅವನನ್ನೂ ಅವನ ಪಕ್ಷದವರನ್ನೂ ಆ ದೋಣಿಗಿಳಿಸಿ ಕಡಲಿಗೆ ಬಿಟ್ಟಿದ್ದರು. ಸುತ್ತಲೂ ಹಸಿರು ಬೆಟ್ಟಗಳು, ತೆಂಗಿನ ತೋಪುಗಳು, ಸಿಹಿನೀರಿನ ತೊರೆಗಳು. ಹಸಿವು ನೀರಡಿಕೆಗಳಿಂದ ಕಂಗೆಟ್ಟಿದ್ದರೂ ಅವರು ಯಾವ ದಡವನ್ನೂ ಮುಟ್ಟುವ ಧೈರ್ಯ ಮಾಡಲಿಲ್ಲ. ಅದಕ್ಕೆ ಕೆಲವು ದಿನಗಳ ಹಿಂದೆ ಟೋಂಗಾದ ದ್ವೀಪವೊಂದರಲ್ಲಿ ಇಳಿದಾಗ ಅವರಲ್ಲೊಬ್ಬನು ಕೊಲೆಯಾಗಿದ್ದನು. ಫಿಜಿಯಲ್ಲಿಯೂ ಎರಡು ದೋಣಿಗಳು ಬೆನ್ನಟ್ಟಿ ಬಂದವು. ಇವರು ಹುಟ್ಟುಹಾಕಿ ತಪ್ಪಿಸಿಕೊಂಡರು. ಎರಡು ದೊಡ್ಡ ದ್ವೀಪಗಳ ನಡುವಣ ಆ ಕಡಲಿಗೆ ಇಂದಿಗೂ ಬ್ಲೈಯ ಹೆಸರೇ ಉಳಿದಿದೆ.

ಈಗ ಅದೇ ಕಡಲಿಗೆ ಪ್ರತಿವರ್ಷವೂ ದೂರದೇಶಗಳ ಹಾಯಿದೋಣಿಗಳು ಬರುತ್ತವೆ. ಅವುಗಳಲ್ಲಿ ಬಹಳಷ್ಟು ನಲವತ್ತು ಅಡಿಯ ಆಸುಪಾಸಿನವು. ಒಳಗೆ ಗಂಡ, ಹೆಂಡತಿ, ಕೆಲವೊಮ್ಮೆ ಮಕ್ಕಳು. ಅವರು ನಿರ್ಭಯವಾಗಿ ದಡಕ್ಕೆ ಇಳಿಯುತ್ತಾರೆ, ಹಳ್ಳಿಗರ ಮನೆಯಲ್ಲಿ ಉಣ್ಣುತ್ತಾರೆ. ಇದು ಹೇಗೆ ಸಾಧ್ಯವಾಯಿತೆಂಬುದನ್ನು ತಿಳಿಯಬೇಕಾದರೆ ಮೊದಲು ಆ ದ್ವೀಪಗಳನ್ನೂ ಅಲ್ಲಿನ ಗಾಳಿಯನ್ನೂ ಅರಿಯಬೇಕು.

ಫಿಜಿಯಲ್ಲಿ ಮುನ್ನೂರಕ್ಕೂ ಹೆಚ್ಚು ದ್ವೀಪಗಳಿವೆ. ಸುಮಾರು ಮೂರರಲ್ಲೊಂದು ಭಾಗದಲ್ಲಿ ಮಾತ್ರ ಜನವಸತಿಯಿದೆ. ನವೆಂಬರಿನಿಂದ ಏಪ್ರಿಲ್‌ವರೆಗೆ ಚಂಡಮಾರುತಗಳ ಭಯ. ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಆಗ್ನೇಯ ದಿಕ್ಕಿನ ವಾಣಿಜ್ಯ ಮಾರುತಗಳು ಬೀಸುತ್ತವೆ. ಹಾಯಿದೋಣಿಗಳ ಸಂಚಾರಕ್ಕೆ ಇದೇ ಸುಗ್ಗಿ. ಹೊರದೇಶದ ದೋಣಿ ಮೊದಲು ಸುವಾ, ಸವುಸವು ಮೊದಲಾದ ನಿಯಮಿತ ಬಂದರೊಂದಕ್ಕೆ ಬಂದು ಅಧಿಕಾರಿಗಳ ತಪಾಸಣೆ ಮುಗಿಸಿ, ದ್ವೀಪಗಳಲ್ಲಿ ಸಂಚರಿಸಲು ಪರವಾನಗಿ ಪಡೆಯಬೇಕು. ಪೂರ್ವದ ಅಂಚಿನಲ್ಲಿರುವ ಲಾವು ದ್ವೀಪಗಳಿಗೆ ಹೋಗುವವರಿಗೆ ಇಲ್ಲಿಂದ ಮುಂದೆ ಗಾಳಿ ಎದುರಾಗುತ್ತದೆ. ಎದುರುಗಾಳಿಗೆ ನೇರವಾಗಿ ಸಾಗಬಲ್ಲ ಹಾಯಿ ಲೋಕದಲ್ಲಿಲ್ಲ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಓರೆಯಾಗಿ ಸಾಗುತ್ತ, ಕಡಿದಾದ ಘಟ್ಟವನ್ನು ತಿರುವುಗಳಲ್ಲಿ ಹತ್ತುವಂತೆ, ಗಾಳಿಯನ್ನು ಹತ್ತಬೇಕು. ಒಂದು ದಿನದ ದಾರಿ ಎರಡು ದಿನಗಳದಾಗುತ್ತದೆ.

ದ್ವೀಪ ಕಣ್ಣಿಗೆ ಕಂಡ ಮೇಲೂ ಅಪಾಯ ತಪ್ಪಿದ್ದಲ್ಲ. ಬಹುತೇಕ ದ್ವೀಪಗಳ ಸುತ್ತ ಹವಳದ ದಿಬ್ಬಗಳು ಕೋಟೆಯಂತೆ ನಿಂತಿವೆ. ನಡುವೆ ಅಲ್ಲಲ್ಲಿ ಕಿರಿದಾದ ಕಂಡಿಗಳು. ಕಡಲಿನ ನಕ್ಷೆ, ಉಪಗ್ರಹದ ನೆರವು ಇವೆಲ್ಲ ಇದ್ದರೂ ಅನುಭವಿ ನಾವಿಕನು ಕಣ್ಣನ್ನೇ ಹೆಚ್ಚು ನಂಬುತ್ತಾನೆ. ಸೂರ್ಯನು ನೆತ್ತಿಯ ಬಳಿ, ಬೆನ್ನ ಹಿಂದೆ ಇರುವಾಗ ನೀರಿನ ಬಣ್ಣವೇ ಆಳವನ್ನು ಹೇಳುತ್ತದೆ. ಗಾಢ ನೀಲಿಯೆಂದರೆ ಆಳ. ತಿಳಿಹಸಿರೆಂದರೆ ಮರಳಿನ ತಳ. ಕಂದು ಬಣ್ಣವೆಂದರೆ ದೋಣಿಯ ಅಡಿಯನ್ನು ಸೀಳುವ ಹವಳ. ಒಬ್ಬರು ಮುಂದೆ ನಿಂತು ಕೈಸನ್ನೆಯಿಂದ ದಾರಿ ತೋರುತ್ತಾರೆ. ಮೋಡ ಕವಿದರೆ ಹೊರಗೇ ಕಾಯಬೇಕು.

ಇಷ್ಟು ಕಷ್ಟಪಟ್ಟು ಒಳಗಿನ ತಿಳಿನೀರಿಗೆ ಬಂದು ಲಂಗರು ಹಾಕಿದವನಿಗೆ, ಇದು ಯಾರಿಗೂ ಸೇರದ ಕಡಲು, ಮನಸ್ಸಿಗೆ ಬಂದಂತೆ ಈಜಬಹುದು, ಮೀನು ಹಿಡಿಯಬಹುದು ಎಂದು ತೋರುವುದು ಸಹಜ. ಆದರೆ ಅದು ಹಾಗಲ್ಲ. ಕಡಲಿನ ತಳ ಸರ್ಕಾರದ್ದಾದರೂ ಅಲ್ಲಿ ಮೀನು ಹಿಡಿಯುವ ಹಕ್ಕು ಆಯಾ ಊರಿನ ಜನಸಮುದಾಯಕ್ಕೆ ಪರಂಪರೆಯಿಂದ ಬಂದದ್ದು. ಕಾನೂನು ಅದನ್ನು ಮನ್ನಿಸಿದೆ. ಇಂಥ ಕ್ಷೇತ್ರವನ್ನು ಅವರು ‘ಗೋಲಿಂಗೋಲಿ’ ಎನ್ನುತ್ತಾರೆ. ಫಿಜಿಯಲ್ಲಿ ಇವು ನಾನೂರಕ್ಕೂ ಹೆಚ್ಚಿವೆ. ನಮ್ಮ ಕಣ್ಣಿಗೆ ಬರಿಯ ನೀರಾಗಿ ಕಾಣುವುದು ಅವರ ಗದ್ದೆ, ಅವರ ಕಣಜ. ಆದುದರಿಂದ ಬಂದವನು ಮೊದಲು ಮಾಡಬೇಕಾದ ಕೆಲಸ ಊರಿಗೆ ಹೋಗಿ ಅಪ್ಪಣೆ ಕೇಳುವುದು. ಆ ವಿಧಿಗೆ ‘ಸೆವುಸೆವು’ ಎಂದು ಹೆಸರು.

ಸೆವುಸೆವುಗೆ ಬೇಕಾದದ್ದು ಒಂದು ಕಟ್ಟು ಯಂಗೋನಾ ಬೇರು, ಸಾಮಾನ್ಯವಾಗಿ ಅರ್ಧ ಕಿಲೋಗ್ರಾಂನಷ್ಟು. ಈ ಗಿಡ ನಮ್ಮ ಮಲೆನಾಡಿನ ಕರಿಮೆಣಸು ಮತ್ತು ವೀಳ್ಯದೆಲೆಗಳ ಕುಲಕ್ಕೆ ಸೇರಿದ್ದು. ಬಂದವರಿಗೆ ವೀಳ್ಯ ಕೊಟ್ಟು ಆದರಿಸುವ ನಾಡಿನವರಾದ ನಮಗೆ ಈ ನಂಟು ಕುತೂಹಲವನ್ನುಂಟುಮಾಡದೆ ಇರದು. ಅಲ್ಲಿ ಮಾತ್ರ ತರುವವನು ಅತಿಥಿ. ಲಾವು ಪ್ರದೇಶದ ಸುಣ್ಣಕಲ್ಲಿನ ದ್ವೀಪಗಳಲ್ಲಿ ಮಣ್ಣು ತೆಳು. ಯಂಗೋನಾ ಅಲ್ಲಿ ಚೆನ್ನಾಗಿ ಬೆಳೆಯದು. ಹೀಗಾಗಿ ಪೇಟೆಯಿಂದ ತಂದ ಕಟ್ಟಿಗೆ ಅಲ್ಲಿ ಬೆಲೆ ಹೆಚ್ಚು.

ಊರೊಳಗೆ ಹೋಗುವಾಗ ಟೊಪ್ಪಿಗೆಯನ್ನೂ ತಂಪು ಕನ್ನಡಕವನ್ನೂ ತೆಗೆಯಬೇಕು. ಚೀಲವನ್ನು ಹೆಗಲಿಗೆ ಹಾಕದೆ ಕೈಯಲ್ಲಿ ಹಿಡಿಯಬೇಕು. ಗಂಡಸರೂ ಹೆಂಗಸರೂ ‘ಸುಲು’ ಎಂಬ, ನಮ್ಮ ಲುಂಗಿಯಂಥ ಬಟ್ಟೆಯನ್ನುಟ್ಟು ಮೊಣಕಾಲು ಮುಚ್ಚಿರಬೇಕು. ಊರಿನ ಕಾರಭಾರಿ ಬಂದವರನ್ನು ಮುಖಂಡರ ಮನೆಗೆ ಕರೆದೊಯ್ಯುತ್ತಾನೆ. ಚಾಪೆಯ ಮೇಲೆ ಎಲ್ಲರೂ ಕಾಲು ಮಡಿಸಿ ಕೂಡುತ್ತಾರೆ. ಅತಿಥಿಯು ಬೇರಿನ ಕಟ್ಟನ್ನು ಮುಖಂಡರ ಮುಂದಿಡುತ್ತಾನೆ. ಅವರು ಅದನ್ನು ಮುಟ್ಟಿದರೆ ಒಪ್ಪಿದಂತೆ. ಆಮೇಲೆ ಕೈಗಳನ್ನು ಬೊಗಸೆಯಾಗಿಸಿ ಚಪ್ಪಾಳೆ ತಟ್ಟಿ, ಬಂದವರು ಕ್ಷೇಮವಾಗಿರಲೆಂದು ಫಿಜಿ ಭಾಷೆಯಲ್ಲಿ ಹರಸುತ್ತಾರೆ. ಬೇರಿನ ಪುಡಿಯನ್ನು ನೀರಿನಲ್ಲಿ ಕದಡಿ ‘ತನೋವ’ ಎಂಬ ಮರದ ಬೋಗುಣಿಯಿಂದ ತೆಂಗಿನ ಕರಟದಲ್ಲಿ ಹಂಚುವುದೂ ಉಂಟು. ನೋಡಲು ಕೆಸರು ನೀರು, ರುಚಿ ಕಹಿ, ನಾಲಿಗೆ ಜೋಮು ಹಿಡಿಯುತ್ತದೆ. ಇದು ಮದ್ಯವಲ್ಲ, ಕುಡಿದವರು ಶಾಂತರಾಗಿ ಮಾತಿಗೆ ಕೂಡುತ್ತಾರೆ.

ಆ ಬೋಗುಣಿಗೂ ಒಂದು ಕಥೆಯಿದೆ. ಲಾವು ದ್ವೀಪಗಳಲ್ಲೊಂದಾದ ಕಂಬಾರದಲ್ಲಿ ‘ವೇಸಿ’ ಎಂಬ ಗಟ್ಟಿಮರದಿಂದ ಅದನ್ನು ಕೆತ್ತುತ್ತಾರೆ. ಇದೇ ಮರದಿಂದಲೇ ಅವರ ಹಿರಿಯರು ‘ದ್ರುವಾ’ ಎಂಬ ಜೋಡಿದೋಣಿಗಳನ್ನು ಕಟ್ಟುತ್ತಿದ್ದರು. ನೂರಕ್ಕೂ ಹೆಚ್ಚು ಮಂದಿಯನ್ನು ಹೊತ್ತು ಸಾಗುತ್ತಿದ್ದ ದ್ರುವಾಗಳೂ ಇದ್ದವು. 1913ರಲ್ಲಿ ಕಟ್ಟಿದ ಒಂದು ದ್ರುವಾ ಸುವಾದ ವಸ್ತುಸಂಗ್ರಹಾಲಯದಲ್ಲಿದೆ. ಹಾಯಿ ಏರಿಸಿ ಬಂದ ಪರದೇಶಿಯನ್ನು ಸ್ವಾಗತಿಸುವವರು ಹಾಯಿವಿದ್ಯೆಯಲ್ಲಿ ಅವನಿಗಿಂತ ಹಿರಿಯರ ವಂಶದವರು!

ಅಪ್ಪಣೆ ದೊರೆತ ಮೇಲೆ ಅತಿಥಿ ಊರಿನವನೇ. ಮರಗೆಣಸು, ಕೆಸುವಿನ ಗೆಡ್ಡೆ, ತೆಂಗಿನಹಾಲಿನಲ್ಲಿ ಬೇಯಿಸಿದ ಮೀನು ಊಟಕ್ಕೆ ಬರುತ್ತವೆ. ಹೆಂಗಸರು ಕೇದಗೆಯ ಜಾತಿಯ ಎಲೆಗಳಿಂದ ಚಾಪೆ ಹೆಣೆಯುವುದನ್ನು ಕಲಿಸುತ್ತಾರೆ. ಭಾನುವಾರ ಚರ್ಚಿನ ದಿನ; ಅಂದು ಈಜು, ಮೀನುಬೇಟೆ ಸಲ್ಲವು. ದೋಣಿಯವನು ಕೆಟ್ಟುನಿಂತ ಹೊಲಿಗೆ ಯಂತ್ರವನ್ನೋ ದೋಣಿಯ ಮೋಟಾರನ್ನೋ ಸರಿಪಡಿಸಿಕೊಡುತ್ತಾನೆ. ಸರಕಿನ ಹಡಗಿಗಾಗಿ ವಾರಗಟ್ಟಲೆ ಕಾಯಬೇಕಾದ ದ್ವೀಪದಲ್ಲಿ ಅದು ಸಣ್ಣ ಉಪಕಾರವಲ್ಲ.

ಎಲ್ಲರೂ ಹೀಗೆ ನಡೆಯುತ್ತಾರೆಂದಲ್ಲ. ಊರಿನತ್ತ ತಿರುಗಿಯೂ ನೋಡದೆ ದೂರದ ಮೂಲೆಯಲ್ಲಿ ಲಂಗರು ಹಾಕಿ ಮೀನು ಬೇಟೆಯಾಡುವವರೂ ಇದ್ದಾರೆ. ಬೇರಿನ ಕಟ್ಟನ್ನು ಸುಂಕವೆಂಬಂತೆ ಎಸೆದು ಹೊರಡುವವರೂ ಇದ್ದಾರೆ. ದೋಣಿಗಳು ಹೆಚ್ಚಾಗಿ ಬರುವೆಡೆ ವಿಧಿಯು ನಿಜವಾಗಿಯೂ ಸುಂಕವಾಗಿ ಇಳಿಯುವ ಭಯವಿದೆ. ಲಂಗರಿನ ಸರಪಳಿ ಹವಳವನ್ನು ಮುರಿದರೆ ಅದರ ನಷ್ಟ ದೋಣಿಯವನಿಗಲ್ಲ, ಅಲ್ಲಿಯ ಮೀನನ್ನೇ ನಂಬಿದ ಮಕ್ಕಳಿಗೆ.

2016ರ ಫೆಬ್ರವರಿ 20ರಂದು ವಿನ್‌ಸ್ಟನ್ ಎಂಬ ಚಂಡಮಾರುತ ಫಿಜಿಗೆ ಅಪ್ಪಳಿಸಿತು. ದಕ್ಷಿಣ ಗೋಳಾರ್ಧದಲ್ಲಿ ದಾಖಲಾದ ಅತಿ ಪ್ರಬಲ ಚಂಡಮಾರುತಗಳಲ್ಲಿ ಅದೊಂದು. 44 ಮಂದಿ ಸತ್ತರು. ಲಾವು ಪ್ರದೇಶದ ವನುವಾ ಬಲಾವುವಿನಲ್ಲಿಯೂ ಮನೆಗಳು ನೆಲಸಮವಾದವು. ಆಗ ನೆರವು ಹೊತ್ತು ಹೋದವುಗಳಲ್ಲಿ ಹಾಯಿದೋಣಿಗಳೂ ಇದ್ದವು. ಆಹಾರ, ಟಾರ್ಪಾಲು, ಉಪಕರಣಗಳನ್ನು ಹೇರಿಕೊಂಡು, ಹಿಂದೆ ತಾವು ಚಾಪೆಯ ಮೇಲೆ ಕುಳಿತಿದ್ದ ಊರುಗಳನ್ನು ಹುಡುಕಿಕೊಂಡು ಹೋದವರಿದ್ದರು.

ಹೊರಡುವಾಗಲೂ ಒಂದು ವಿಧಿಯುಂಟು. ಅದಕ್ಕೆ ‘ಇತತಾವು’ ಎನ್ನುತ್ತಾರೆ. ಅತಿಥಿಯು ಮತ್ತೊಮ್ಮೆ ಮುಖಂಡರ ಮುಂದೆ ಕುಳಿತು, ಹೋಗಿಬರಲು ಅಪ್ಪಣೆ ಬೇಡುತ್ತಾನೆ. ಅದು ದೊರೆತ ಮೇಲೆ ಸೂರ್ಯನು ಮೇಲೇರುವವರೆಗೆ ಕಾದು, ಒಬ್ಬರು ದೋಣಿಯ ಮುಂದೆ ನಿಂತು, ಕಂದು ಬಣ್ಣವನ್ನು ಬಿಟ್ಟು ನೀಲಿಯನ್ನು ಹಿಡಿದು, ಹವಳದ ಕಂಡಿಯಿಂದ ಹೊರಬೀಳುತ್ತಾರೆ.